ಇಂಟರ್‌ಲಾಕ್ ಬೇಡ ಮಾರಾಯ್ರೇ

ಕಾಸರಗೋಡು ಪೇಟೆಯ ನಡುವೆ ಉಳಿದ ಗುಡ್ಡದ ಕಾಡುತುಂಡಿಗೆ ಜನ ಹೋಗಿಬರಬೇಕೆಂದರೆ ಮೊದಲು ನೆನಪಾಗುವುದು ಇಂಟರ್‌ಲಾಕ್, ಅಂದರೆ ಒಂದಕ್ಕೊಂದು ಜೋಡಿಸುವ ಸಿಮೆಂಟ್ ಇಟ್ಟಿಗೆಯ ನೆಲಹಾಸು. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಲ್ಲಿ ಅದು ಪಾಚಿ ಕಟ್ಟಿ ಜಾರುತ್ತದೆ, ನೀರೂ ಸರಿಯಾಗಿ ಇಂಗುವುದಿಲ್ಲ. ಒಂದು ಮೀಟರ್ ಅಗಲದ ಮಣ್ಣಿನ ದಾರಿ ಸಾಕು. ಇಳಿಜಾರಿನ ಬದಿ ನಾಲ್ಕೈದು ಸೆಂಟಿಮೀಟರ್ ತಗ್ಗಿರಲಿ. ಏರು ಇದ್ದಲ್ಲಿ ಕೆಂಪುಕಲ್ಲನ್ನು ದಾರಿಗೆ ಓರೆಯಾಗಿ ಹುಗಿಯಬೇಕು. ನೇರ ಅಡ್ಡಕ್ಕಿಟ್ಟರೆ ಹಿಂದೆ ಮಣ್ಣು ತುಂಬಿ, ನೀರು ಕಲ್ಲು ಹಾರಿ ದಾರಿಯನ್ನೇ ಕೊರೆಯುತ್ತದೆ.

ಕಾಡನ್ನು ಮುಚ್ಚುವ ಹೊರಗಿನ ಪೊದೆ ಲಂಟಾನವನ್ನು ಕತ್ತಿಯಲ್ಲಿ ಸವರಿದರೆ ಇಮ್ಮಡಿ ಚಿಗುರುತ್ತದೆ. ನೆಲದಿಂದ ಮೂರು ಸೆಂಟಿಮೀಟರ್ ಕೆಳಗೆ ತಾಯಿಬೇರು ಕಡಿದು, ಪೊದೆಯನ್ನು ತಲೆಕೆಳಗಾಗಿ ಒಣಗಲು ಬಿಡಬೇಕು, ಅದೂ ಹಣ್ಣಾಗುವ ಮೊದಲು. ಹಕ್ಕಿ ಬೀಜ ಉದುರಿಸುತ್ತಲೇ ಇರುತ್ತದೆ. ಮುಂದಿನ ಮಳೆಗಾಲಗಳಲ್ಲೂ ಸಸಿ ಕೀಳುವ ಕೆಲಸ ಇದ್ದದ್ದೇ. ಅಕೇಶಿಯಾವನ್ನು ಒಮ್ಮೆಲೇ ಬೋಳಿಸಿದರೆ ಬಿಸಿಲಿಗೆ ಕಮ್ಯುನಿಸ್ಟ್ ಗಿಡ ಎಂಬ ಕಳೆ ನುಗ್ಗುತ್ತದೆ. ಅಲ್ಲಲ್ಲಿ ಬಯಲು ಮಾಡಿ ಪುನರ್ಪುಳಿ, ಕುಂಟುನೇರಳೆ ನೆಡಿ. ಮುರಕಲ್ಲಿನ (ಕೆಂಪುಕಲ್ಲಿನ) ನೆಲದಲ್ಲಿ ತೋಡಿದ ಗಿಡದ ಗುಂಡಿಯ ತಳ ಒಡೆಯದಿದ್ದರೆ ನೀರು ನಿಂತು ಬೇರು ಕೊಳೆಯುತ್ತದೆ.

ತರಗೆಲೆ ಗುಡಿಸಿ ಸುಡುವುದನ್ನು ನಾವು ಯಾಕೆ ‘ಸ್ವಚ್ಛತೆ’ ಅನ್ನುತ್ತೇವೋ! ಸುಟ್ಟರೆ ಗೊಬ್ಬರವೂ ಹೋಯಿತು, ಮೊಳೆಯಬೇಕಿದ್ದ ಬೀಜವೂ ಹೋಯಿತು.

ಹಾಂ, ನಾಗಬನದ ಒಳಗೆ ದಾರಿ ಬೇಡವೇ ಬೇಡ. ಅಂಚಿನಲ್ಲಿ ಸುತ್ತಿ ಹೋಗಲಿ.