ಇವತ್ತು ಆಟ ಎಲ್ಲಿ? ನಾನು ಕಟ್ಟಿದ ಮೊದಲ ವೆಬ್ ಪುಟ

ನಮ್ಮ ಕರಾವಳಿಯಲ್ಲಿ ನವೆಂಬರ್‌ನಿಂದ ಮೇ ತನಕ ಯಕ್ಷಗಾನ ಮೇಳಗಳ ತಿರುಗಾಟ. ಅಷ್ಟು ದಿನವೂ ಎಲ್ಲರ ಪ್ರಶ್ನೆ ಒಂದೇ, ಇವತ್ತು ಆಟ ಎಲ್ಲಿ? ಉತ್ತರ ವಾಟ್ಸಾಪ್‌ನಲ್ಲಿ ಚಿತ್ರವಾಗಿ ಬರುತ್ತದೆ, ಕೆಂಪು ಹಿನ್ನೆಲೆಯ ಮೇಲೆ ಸಣ್ಣ ಹಳದಿ ಅಕ್ಷರ. ದೊಡ್ಡಪ್ಪನಿಗೆ ಕಣ್ಣು ಮಂಜು, ಪರದೆಯ ಮೇಲಿನ ಅಕ್ಷರವನ್ನು ದನಿಯಲ್ಲಿ ಓದುವ ಟಾಕ್‌ಬ್ಯಾಕ್ ಅನ್ನೋ ಸೌಲಭ್ಯ ಫೋನಿನಲ್ಲಿ ಓದಿ ಹೇಳಬೇಕು. "ಫೋಟೋ ಅಂತ ಹೇಳಿ ಸುಮ್ನಾಗ್ತದೆ ಮಾರಾಯ, ಯಾವ ಊರು ನೀನೇ ಓದು" ಅಂತಾರೆ. ವೆಬ್ ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್ ಕಲಿಯಲು ಹೊರಟಿದ್ದ ನನಗೆ ಕೆಲಸ ಸಿಕ್ಕಿತು: ಆ ಪಟ್ಟಿಗೊಂದು ಪುಟ.

ಮೊದಲು ಬರೀ ಎಚ್‌ಟಿಎಂಎಲ್ ಬರೆದೆ. ಒಂದು ದೊಡ್ಡ ಶೀರ್ಷಿಕೆ, ಪ್ರತಿ ತಾರೀಕಿಗೂ ಒಂದು ಉಪಶೀರ್ಷಿಕೆ, ಕೆಳಗೆ ಊರು, ಪ್ರಸಂಗ, ಸಮಯ. ಬಣ್ಣ ಇಲ್ಲ, ಏನೂ ಇಲ್ಲ. ನೋಡಿದರೆ ಪುಟ ಎಲ್ಲ ಪರದೆಗೂ ಹೊಂದಿಕೊಳ್ಳುತ್ತಿದೆ! ಅಗಲ ಸಾಲದಿದ್ದರೆ ಸಾಲು ತಾನೇ ಮುರಿದು ಕೆಳಗೆ ಬರುತ್ತದೆ. ಟಾಕ್‌ಬ್ಯಾಕ್‌ನವರು ಉಪಶೀರ್ಷಿಕೆಯಿಂದ ಉಪಶೀರ್ಷಿಕೆಗೆ ಹಾರಿ ಬೇಕಾದ ತಾರೀಕಿಗೆ ಹೋಗಬಹುದು. ಹಾಗಾಗಿ ರೆಸ್ಪಾನ್ಸಿವ್, ಅಂದರೆ ಪರದೆಗೆ ತಕ್ಕಂತೆ ಹೊಂದಿಕೊಳ್ಳುವುದು, ಅನ್ನೋದು ಆಮೇಲೆ ಸೇರಿಸುವ ಸಂಗತಿ ಅಲ್ಲ ಅಂತ ನನಗನ್ನಿಸುತ್ತದೆ. ಪುಟದಲ್ಲಿ ಅದು ಮೊದಲೇ ಇರುತ್ತದೆ, ನಾವು ಪುಟದ ರೂಪ ಹೇಳುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ 1200 ಪಿಕ್ಸೆಲ್ ಅಗಲ ಅಂತ ಬರೆದು ಕೆಡಿಸುತ್ತೇವೆ. ಸೇರಿಸಲೇಬೇಕಾದದ್ದು ಪುಟದ ಅಗಲ ಫೋನಿನ ಪರದೆಯಷ್ಟೇ ಅಂತ ತಿಳಿಸುವ ವ್ಯೂಪೋರ್ಟ್ ಮೆಟಾ ಟ್ಯಾಗ್. ಅದಿಲ್ಲದಿದ್ದರೆ ಫೋನು ಪುಟದ ಅಗಲ ಸುಮಾರು 980 ಪಿಕ್ಸೆಲ್ ಅಂದುಕೊಂಡು ಎಲ್ಲವನ್ನೂ ಕುಗ್ಗಿಸಿ ತೋರಿಸುತ್ತದೆ.

ದೊಡ್ಡ ಪರದೆಯಲ್ಲಿ ಎರಡು ಮೂರು ಕಂಬಸಾಲು ಬೇಕೆನಿಸಿತು. ಸಿಎಸ್‌ಎಸ್ ಗ್ರಿಡ್‌ನಲ್ಲಿ ಅದು ಒಂದೇ ಸಾಲಿನ ಕೆಲಸ: ಆಟೋ-ಫಿಲ್, ಪ್ರತಿ ಕಂಬಸಾಲು ಕನಿಷ್ಠ 16 ರೆಮ್. ಜಾಗ ಇದ್ದಷ್ಟು ಪಕ್ಕಪಕ್ಕ, ಇಲ್ಲದಿದ್ದರೆ ಒಂದರ ಕೆಳಗೊಂದು. ರೆಮ್ ಅಕ್ಷರದ ಅಳತೆಗೆ ಅಂಟಿಕೊಂಡಿರುವುದರಿಂದ, ಬ್ರೌಸರಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ಕಂಬಸಾಲು ತಾನಾಗಿ ಕಮ್ಮಿಯಾಗುತ್ತದೆ. ಒಂದೊಂದು ಪರದೆ ಅಗಲಕ್ಕೆ ಬೇರೆ ನಿಯಮ ಬರೆಯುವ ಮೀಡಿಯಾ ಕ್ವೆರಿ ಒಂದೂ ಬೇಕಾಗಲಿಲ್ಲ.

ಇಂಗ್ಲಿಷ್ ಪಾಠಗಳು ಹೇಳದೇ ಬಿಡುವುದು ನಮ್ಮ ಒತ್ತಕ್ಷರದ ವಿಚಾರ. 'ಸ್ತ್ರೀವೇಷ' ಅಂತ ಒಂದು ಬಟನ್ ಮೇಲೆ ಬರೆದು ನೋಡಿ. ಲೈನ್-ಹೈಟ್ (ಸಾಲಿನ ಎತ್ತರ) 1.2 ಇಟ್ಟು, ಬಟನ್‌ಗೆ ಇಂತಿಷ್ಟೇ ಎತ್ತರ ಅಂತ ಕಟ್ಟುಹಾಕಿ, ಓವರ್‌ಫ್ಲೋ ಮುಚ್ಚಿದರೆ (ಹೊರಚಾಚಿದ್ದು ಕಾಣದಂತೆ ಮಾಡಿದರೆ) ಕೆಳಗಿನ ಒತ್ತಿಗೆ ಕತ್ತರಿ ಬೀಳುತ್ತದೆ. ಕನ್ನಡಕ್ಕೆ 1.6, 1.7 ಇದ್ದರೆ ಓದಲು ಹಿತ. ಎತ್ತರ ಹೇಳಬಾರದು, ಅಕ್ಷರದ ಸುತ್ತ ಪ್ಯಾಡಿಂಗ್, ಅಂದರೆ ಖಾಲಿ ಜಾಗ, ಕೊಡಬೇಕು. 'ಸುಬ್ರಹ್ಮಣ್ಯೇಶ್ವರ ದೇವಸ್ಥಾನದ ವಠಾರ' ಥರದ ಉದ್ದದ ಹೆಸರುಗಳಿಗೆ, ಪದ ಹಿಡಿಸದಿದ್ದರೆ ಮುರಿಯುವ ಓವರ್‌ಫ್ಲೋ-ರ‍್ಯಾಪ್ ಹಾಕಿದರೆ ಪುಟ ಪಕ್ಕಕ್ಕೆ ಜಾರುವುದಿಲ್ಲ.

ಇನ್ನೊಂದು ನಮ್ಮದೇ ತಲೆನೋವು, ಹಳೆಯ ನುಡಿ ಫಾಂಟ್. ಮೇಳದಿಂದ ಬರುವ ಪಟ್ಟಿ ಎಷ್ಟೋ ಸಲ ಅದರಲ್ಲೇ ಇರುತ್ತದೆ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಗೋಜಲು. ಟಾಕ್‌ಬ್ಯಾಕ್ ಆ ಗೋಜಲನ್ನೇ ಓದುತ್ತದೆ. ಕನ್ನಡ ಅಕ್ಷರಕ್ಕೆ ಅದರದ್ದೇ ಸಂಕೇತ ಇರುವ ಯೂನಿಕೋಡ್‌ಗೆ ಬದಲಿಸಿಯೇ ಹಾಕಬೇಕು. ಪುಟದ ಎಚ್‌ಟಿಎಂಎಲ್ ಟ್ಯಾಗ್‌ನಲ್ಲೇ ಭಾಷೆ ಕನ್ನಡ ಅಂತ ಲ್ಯಾಂಗ್ ಗುಣದಲ್ಲಿ ಹೇಳಿದರೆ ಕನ್ನಡದ ದನಿ ಆರಿಸಿಕೊಳ್ಳಲು ಟಾಕ್‌ಬ್ಯಾಕ್‌ಗೆ ಸುಲಭ.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿಳಿ ಮೇಲೆ 999 ಅನ್ನೋ ಸಂಕೇತದ ಬೂದು ಚೆಂದ ಕಾಣುತ್ತದೆ, ಆದರೆ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅನುಪಾತ) 2.85 ಮಾತ್ರ. ಸಾಮಾನ್ಯ ಅಳತೆಯ ಅಕ್ಷರಕ್ಕೆ, ವೆಬ್ ಎಲ್ಲರಿಗೂ ಎಟುಕುವಂತಿರಲು ಮಾಡಿದ ಮಾನದಂಡವಾದ ಡಬ್ಲ್ಯೂಸಿಎಜಿಯ ಎಎ ಮಟ್ಟ ಕೇಳುವುದು 4.5. 767676 ಬೂದು ಹೇಗೋ ಪಾಸಾಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಫೋನ್ ನೋಡುವವರಿಗೆ ಅದೂ ಸಾಲದು, ಸುಮ್ನೆ ಕಪ್ಪೇ ಹಾಕಿ.

ಪರೀಕ್ಷೆಗೆ ದುಬಾರಿ ಸಲಕರಣೆ ಏನೂ ಬೇಡ. 1280 ಪಿಕ್ಸೆಲ್ ಅಗಲದ ಕಿಟಕಿಯಲ್ಲಿ ಝೂಮ್ 400% ಮಾಡಿದರೆ 320 ಪಿಕ್ಸೆಲ್‌ನ ಪುಟ್ಟ ಪರದೆ ಸಿಗುತ್ತದೆ. ಆಮೇಲೆ ಮೌಸ್ ಬಿಟ್ಟು ಟ್ಯಾಬ್ ಒತ್ತುತ್ತಾ ಹೋಗಿ. ಎಲ್ಲಿದ್ದೇವೆ ಅಂತ ತೋರಿಸುವ ಫೋಕಸ್ ಗೆರೆ ಅಸಹ್ಯ ಅಂತ ತೆಗೆಯಬೇಡಿ. ಕೊಂಡಿಗಳನ್ನು ಕೇಳಿಯೂ ನೋಡಿ: ಎಲ್ಲ ಕಡೆ 'ನಕ್ಷೆ, ನಕ್ಷೆ, ನಕ್ಷೆ' ಅಂದರೆ ಯಾವ ಊರಿನದು? ನಾನು 'ಕೋಟೇಶ್ವರದ ನಕ್ಷೆ', 'ಹೆಬ್ರಿಯ ನಕ್ಷೆ' ಅಂತಲೇ ಬರೆದಿದ್ದೇನೆ.

ಮೇಳದವರಿಗೆ ಮಾತ್ರ ಪುಟದ ಮೇಲೆ ದೊಡ್ಡ ಕಿರೀಟದ ಚಿತ್ರ ಬೇಕೇ ಬೇಕಂತೆ. ಹಾಕಿದ್ದೇನೆ, ಪರದೆಗಿಂತ ಅಗಲವಾಗದಂತೆ ಮ್ಯಾಕ್ಸ್-ವಿಡ್ತ್ 100% ಕೊಟ್ಟು. ಅದು ಬರೀ ಅಲಂಕಾರ, ಹಾಗಾಗಿ ಚಿತ್ರವನ್ನು ಮಾತಿನಲ್ಲಿ ವಿವರಿಸುವ ಆಲ್ಟ್ ಖಾಲಿ ಬಿಟ್ಟಿದ್ದೇನೆ. ಮುಂದಿನ ವಾರ ಅದು ಕುಣಿಯಬೇಕು ಅಂತ ಕೇಳುತ್ತಾರೋ ಏನೋ.