ಮೋಟರ್‌ಹೋಮ್‌ನ ಹಿಂಬದಿ ಕ್ಯಾಮೆರಾ ಬದಲಿಸುವವರು ವೈರನ್ನೂ ಬದಲಿಸಬೇಕು

ಟೆಂಪೊ ಟ್ರಾವೆಲರನ್ನು ಮೋಟರ್‌ಹೋಮ್ ಆಗಿ, ಅಂದರೆ ಒಳಗೇ ಮಲಗಿ ಉಳಿಯಬಹುದಾದ ಮನೆಯಂಥ ಗಾಡಿಯಾಗಿ ಮಾರ್ಪಡಿಸುವಾಗ ಹಿಂಬದಿಯ ಗಾಜು ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ನಮ್ಮ ಗಾಡಿಯಲ್ಲಿ ಆ ಜಾಗದಲ್ಲಿ ಮಂಚವೂ ಅದರ ಮೇಲೆ ಕಪಾಟೂ ಇರುವುದರಿಂದ ಒಳಗನ್ನಡಿಯಲ್ಲಿ ರಸ್ತೆ ಕಾಣುವುದೇ ಇಲ್ಲ, ಹಿಂದೆ ನಿಂತ ಮಗುವನ್ನು ತೋರಿಸುವ ಶಕ್ತಿ ಪಕ್ಕದ ಕನ್ನಡಿಗಳಿಗೂ ಇಲ್ಲ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯವಾಯಿತು. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಕ್ಯಾಮೆರಾವನ್ನೇ ಕಡ್ಡಾಯ ಮಾಡಿದ್ದಾರೆ. ಇಷ್ಟು ಉದ್ದದ ಗಾಡಿಗೆ ಸೆನ್ಸರಿನ ಬರಿಯ ಬೀಪ್ ಸದ್ದು ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಹಳೆಯ ಕ್ಯಾಮೆರಾದ ಚಿತ್ರದಲ್ಲಿ ಗೆರೆಗಳು ಓಡತೊಡಗಿದವು, ತಗ್ಗು ಬಂದಾಗಲೆಲ್ಲ ಪರದೆ ಕಪ್ಪಾಗುತ್ತಿತ್ತು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಗಾಡಿಗಳ ವೈರಿಂಗ್ ಮಾಡುವ ಮೇಸ್ತ್ರಿಯೊಬ್ಬರು ಹಿಂಬಾಗಿಲಿನ ಕೀಲಿನ ಹತ್ತಿರದ ಟೇಪು ಬಿಚ್ಚಿ, ವೈರಿನ ಮೇಲ್ಪದರವನ್ನು ಬ್ಲೇಡಿನಿಂದ ಸೀಳಿ ತೋರಿಸಿದರು. "ಕ್ಯಾಮೆರಾ ಹೋಗಿಲ್ರೀ ಸರ, ವೈರ್ ಒಳಗ ಹಸಿರು ಹಿಡದೈತಿ ನೋಡ್ರಿ" ಎಂದರು. ಬಾಗಿಲು ತೆರೆದು ಮುಚ್ಚುವಾಗ ಮಡಚಿ ಮಡಚಿ ಬಿರುಕುಬಿಟ್ಟ ಜಾಗದಿಂದ ನೀರು ಇಳಿದು, ತಾಮ್ರದ ಎಳೆಗಳ ನಡುವೆ ಗೇಣುದ್ದ ಒಳಕ್ಕೆ ಹರಡಿತ್ತು. ಈ ಸ್ಥಿತಿಯಲ್ಲಿ ಹೊಸ ಕ್ಯಾಮೆರಾ ತಂದು ಹಳೆಯ ವೈರಿಗೆ ಜೋಡಿಸಿದರೆ ಮುಂದಿನ ಮಳೆಗೆ ಅದೇ ತೊಂದರೆ ಮರಳುತ್ತದೆ. ಅಂಗಡಿಗಳಲ್ಲಿ ಹೆಚ್ಚಿನವರು ಕ್ಯಾಮೆರಾದ ಗುಣವನ್ನೇ ವರ್ಣಿಸುತ್ತಾರೆ. ವೈರಿನ ಬಗ್ಗೆ ನಾವೇ ಕೇಳಬೇಕು.

ಹಳೆಯ ವೈರನ್ನು ಎಳೆದು ಬಿಸಾಡುವ ಮೊದಲು ಅದರ ತುದಿಗೆ ಹೊಸದನ್ನು ಬಿಗಿಯಾಗಿ ಕಟ್ಟಿ ಟೇಪು ಸುತ್ತಿದರೆ, ಒಂದನ್ನು ಎಳೆದಂತೆ ಇನ್ನೊಂದು ಚಾವಣಿಯ ಒಳದಾರಿಯಲ್ಲಿ ತಾನಾಗಿ ಬರುತ್ತದೆ, ಪ್ಲೈವುಡ್ ಬಿಚ್ಚುವ ಕೆಲಸ ತಪ್ಪುತ್ತದೆ. ಇನ್ವರ್ಟರ್ ಮತ್ತು ಸೋಲಾರ್ ಚಾರ್ಜರಿನ ವೈರುಗಳ ಜೊತೆಗೆ ಇದನ್ನು ಕಟ್ಟಬಾರದು, ಏಕೆಂದರೆ ಅವುಗಳ ವಿದ್ಯುತ್ ಅಡಚಣೆ ಚಿತ್ರದಲ್ಲಿ ಗೆರೆಯಾಗಿ ಕಾಣುತ್ತದೆ. ಹೊರಗಿನಿಂದ ವೈರು ಒಳಹೋಗುವ ರಂಧ್ರಕ್ಕೆ ರಬ್ಬರ್ ಬುಷ್ ಹಾಕಿ, ವೈರನ್ನು ರಂಧ್ರಕ್ಕಿಂತ ಸ್ವಲ್ಪ ಕೆಳಕ್ಕೆ ಬಾಗಿಸಿ ಮೇಲಕ್ಕೆ ತಂದರೆ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ರಂಧ್ರದ ಸಂದು ಮುಚ್ಚಲು ಬಳಸುವ ಅಂಟುಗಳಲ್ಲಿ ವಿನೆಗರ್ ವಾಸನೆಯ ಸಿಲಿಕೋನ್ ತಾಮ್ರವನ್ನು ತಿನ್ನುವುದರಿಂದ ನ್ಯೂಟ್ರಲ್ ಸಿಲಿಕೋನನ್ನೇ ಕೇಳಿ ತರಬೇಕು.

ಪರದೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಅನಲಾಗ್ ಪರದೆಗಳು 625 ಗೆರೆಗಳ ಪಾಲ್ ಅಥವಾ 525 ಗೆರೆಗಳ ಎನ್‌ಟಿಎಸ್‌ಸಿ ಸಂಕೇತವನ್ನು ಮಾತ್ರ ಓದುತ್ತವೆ, ಎಎಚ್‌ಡಿ (ಹೆಚ್ಚು ಸ್ಪಷ್ಟತೆಯ ಅನಲಾಗ್) ಕ್ಯಾಮೆರಾವನ್ನು ಜೋಡಿಸಿದರೆ ಸರಿಯಾದ ಚಿತ್ರ ಬರುವುದಿಲ್ಲ. ಆದ್ದರಿಂದ 720 ಅಥವಾ 1080ರ ಸ್ಪಷ್ಟತೆ ಬೇಕೆಂದರೆ ಕ್ಯಾಮೆರಾ, ಪರದೆ ಎರಡನ್ನೂ ಒಟ್ಟಿಗೆ ಬದಲಿಸಬೇಕು. ವಿದ್ಯುತ್ತನ್ನು ರಿವರ್ಸ್ ಲೈಟಿನಿಂದ ತೆಗೆದುಕೊಂಡರೆ ರಿವರ್ಸ್ ಗಿಯರ್ ಹಾಕಿದಾಗ ಮಾತ್ರ ಚಿತ್ರ ಬರುತ್ತದೆ. ನಾನು ಕ್ಯಾಮೆರಾಕ್ಕೆ ಇಗ್ನಿಷನ್‌ನಿಂದ ಫ್ಯೂಸ್ ಮೂಲಕ ವಿದ್ಯುತ್ ಕೊಟ್ಟು, ರಿವರ್ಸ್ ಲೈಟಿನ ವೈರನ್ನು ಪರದೆಗೆ ಸೂಚನೆಯಾಗಿ ಮಾತ್ರ ಬಳಸಿದ್ದೇನೆ. ಹುಬ್ಬಳ್ಳಿ–ಧಾರವಾಡ ಬೈಪಾಸಿನಲ್ಲಿ ಬೆನ್ನಿಗೆ ಅಂಟಿಕೊಂಡು ಬರುವ ಲಾರಿಯೂ ಈಗ ಕಾಣುತ್ತದೆ.

ಕ್ಯಾಮೆರಾವನ್ನು ಚಾವಣಿಯ ಅಂಚಿನ ಕೆಳಗೆ ಕೂರಿಸಿ, ಚಿತ್ರದ ಅಡಿಯಲ್ಲಿ ಬಂಪರಿನ ಅಂಚು ತುಸು ಕಾಣುವಷ್ಟು ಬಗ್ಗಿಸಬೇಕು. ಅನಂತರ ನೆಲದ ಮೇಲೆ 1, 2, 3 ಮೀಟರ್ ದೂರಕ್ಕೆ ಸುಣ್ಣದ ಗೆರೆ ಎಳೆದು ದೂರ ಸೂಚಿಸಲು ಪರದೆಯಲ್ಲಿ ಬರುವ ಬಣ್ಣದ ಗೆರೆಗಳೊಡನೆ ಹೋಲಿಸಿದರೆ ಅವು ಎಷ್ಟು ನಂಬಿಕೆಗೆ ಅರ್ಹ ಎಂದು ತಿಳಿಯುತ್ತದೆ. ಎಡಗಡೆ ನಿಂತವರು ಪರದೆಯಲ್ಲೂ ಎಡಗಡೆಯೇ ಕಾಣಬೇಕು; ಇಲ್ಲದಿದ್ದರೆ ಮಿರರ್ ಸೆಟ್ಟಿಂಗ್ ಬದಲಿಸಬೇಕು.

ಗದಗ ಕಡೆಯ ಎರೆಮಣ್ಣು ಮಳೆಯಲ್ಲಿ ಲೆನ್ಸಿನ ಮೇಲೆ ಅಂಟಿ ಒಣಗುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆಯಾದ್ದರಿಂದ ಮೊದಲು ನೀರು ಸುರಿದು ಮಣ್ಣನ್ನು ನೆನೆಸಬೇಕು. ಕೆಳಮುಖವಾಗಿರುವ ಕ್ಯಾಮೆರಾ ತಲೆಯ ಮೇಲಿನ ಬೇವಿನ ಕೊಂಬೆಯನ್ನೂ ಕೇಬಲನ್ನೂ ತೋರಿಸುವುದಿಲ್ಲ, ಹಾಗಾಗಿ ಲಕ್ಕುಂಡಿಯ ಓಣಿಗಳಲ್ಲಿ ಗಾಡಿ ಹಿಂದಕ್ಕೆ ತೆಗೆಯುವಾಗ ನನ್ನ ಹೆಂಡತಿ ಈಗಲೂ ಇಳಿದು ನಿಂತು ಮೇಲೆ ನೋಡುತ್ತಾಳೆ.