ಸವಾಲು ಕೂಗುವವರಿಲ್ಲದ ಹರಾಜು

ಏಪ್ರಿಲ್ 13, 2025, ಭಾನುವಾರ, ಅಂಕೋಲಾ

1930ರ ಏಪ್ರಿಲ್ 13 ಕೂಡ ಭಾನುವಾರವೇ. ದಾಂಡಿಯಲ್ಲಿ ಗಾಂಧಿ ಉಪ್ಪು ಎತ್ತಿ ಒಂದು ವಾರ. ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದದ್ದು ಅವತ್ತು. ಹಾರ, ಭಾಷಣ ಎಲ್ಲ ಸರಿ, ಲೆಕ್ಕ ಮಾತ್ರ ಯಾರೂ ಹೇಳುವುದಿಲ್ಲ.

ಆಗ ಉಪ್ಪಿನ ತೆರಿಗೆ ಮಣಕ್ಕೆ ಒಂದೂಕಾಲು ರೂಪಾಯಿ, ಅಂದರೆ ಸುಮಾರು 37 ಕಿಲೋಗೆ 20 ಆಣೆ. ಹತ್ತು ಲೀಟರ್ ಸಮುದ್ರದ ನೀರು ಬತ್ತಿಸಿದರೆ ತಿನ್ನುವ ಉಪ್ಪು ಕಾಲು ಕಿಲೋಗಿಂತ ತುಸು ಜಾಸ್ತಿ. ಅದರ ಮೇಲಿನ ತೆರಿಗೆ ಎರಡು ಪೈ ಕೂಡ ಆಗದು, ಸೌದೆಯೇ ದುಬಾರಿ. ತಳ ಒಣಗುವ ತನಕ ಕಾಯಿಸಿದರೆ ಉಪ್ಪು ಕಹಿ, ಮೆಗ್ನೀಸಿಯಂ ಲವಣ ಕೊನೆಗೆ ಹರಳುಗಟ್ಟುವುದರಿಂದ ಉಳಿದ ನೀರನ್ನು ಬಸಿದು ಚೆಲ್ಲಬೇಕು. ಸಾಣಿಕಟ್ಟಾದ ಉಪ್ಪಿನ ಆಗರದವರಿಗೆ ಇದು ಕೈಗೆ ಹತ್ತಿದ ಕೆಲಸ. ಹಾಗಾಗಿ ಅವತ್ತು ಮಾಡಿದ ಉಪ್ಪಿನಿಂದ ಸರಕಾರಕ್ಕೆ ಬಿದ್ದ ನಷ್ಟ ಲೆಕ್ಕಕ್ಕಿಲ್ಲ. ಬಹಿರಂಗವಾಗಿ ಕಾನೂನು ಮುರಿಯುವ ಅಭ್ಯಾಸ ಆಯಿತು, ಅಷ್ಟೇ.

ಅಸಮಾಧಾನ ಅದಕ್ಕಿಂತ ಹಳೆಯದು. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆಯ ನಂತರ ಕಾಡಿಗೆ ಬೇಲಿ ಬಿತ್ತು. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ಇಲ್ಲದೆ ನಡೆಯದು. ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆ, ಕೆಳಗೆ ನಾಲ್ಕು ಎಕರೆ ಸೊಪ್ಪಿನ ಬೆಟ್ಟ ಅಂತ ಮಿತಿ ಗೊತ್ತುಮಾಡಿದರು. ಸೊಪ್ಪು ತೋಟದವನದ್ದು, ಮರ ಸರಕಾರದ್ದು. ತೋಟದವರಿಗೆ ಇಷ್ಟಾದರೂ ದಕ್ಕಿತು. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯದವರಿಗೆ ಅದೂ ಇಲ್ಲ.

1929ರ ಜಗತ್ತಿನ ಕುಸಿತದ ಮೇಲೆ ಭತ್ತ, ಅಡಿಕೆಯ ಧಾರಣೆ ಬಿತ್ತು. ಕಂದಾಯ ರೊಕ್ಕದಲ್ಲಿ ಗೊತ್ತಾದದ್ದು, ಅದು ಇಳಿಯಲಿಲ್ಲ. ಧಾರಣೆ ಅರ್ಧಕ್ಕೆ ಬಂದರೆ ಅದೇ ಕಿಸ್ತಿಗೆ, ಅಂದರೆ ಕಂದಾಯದ ಕಂತಿಗೆ, ಎರಡರಷ್ಟು ಮೂಟೆ ಮಾರಬೇಕು. ಅಂಕೋಲಾ, ಸಿದ್ದಾಪುರದ ಕರನಿರಾಕರಣೆಗೆ ಜನ ಸಿಕ್ಕಿದ್ದು ಇಲ್ಲಿ. ಬರೀ ದೇಶಭಕ್ತಿಯಿಂದ ಅನ್ನುವವರು ಕಿಸ್ತು ಕಟ್ಟಿದವರಲ್ಲ.

ಕಟ್ಟದಿದ್ದರೆ ಏನಾಗುತ್ತಿತ್ತು ಎಂಬುದು 1879ರ ಮುಂಬಯಿ ಭೂಕಂದಾಯ ಸಂಹಿತೆಯಲ್ಲೇ ಇತ್ತು. ಬಾಕಿಯ ಮೇಲೆ ಕಾಲು ಭಾಗದ ತನಕ ದಂಡ, ಅದೇ ಚೌತಾಯಿ. ಆಮೇಲೆ ನೋಟೀಸು. ಅದಾದ ಮೇಲೆ ಚರ ಆಸ್ತಿ ಜಪ್ತಿ: ತಾಮ್ರದ ಹಂಡೆ, ದನ, ಅಟ್ಟದ ಅಡಿಕೆ. ಎಲ್ಲಕ್ಕಿಂತ ಭಯದ್ದು ಜಮೀನಿನ ಹಿಡುವಳಿ ಹಕ್ಕನ್ನೇ ಮುಟ್ಟುಗೋಲು ಹಾಕುವುದು. ಹಂಡೆ ಬಚ್ಚಿಡಬಹುದು. ಸಿದ್ದಾಪುರದ ಗಡಿ ದಾಟಿದರೆ ಮೈಸೂರು ಸಂಸ್ಥಾನ, ಮುಂಬಯಿ ಕಾಯ್ದೆ ಅಲ್ಲಿಗೆ ಮುಟ್ಟದು. ಗದ್ದೆ ಎತ್ತಿಕೊಂಡು ಹೋಗುವುದೆಲ್ಲಿಗೆ?

ಜಪ್ತಿ ಮಾಡುವುದು ಸುಲಭ, ಮಾರುವುದು ಕಷ್ಟ. ಹರಾಜಿನಲ್ಲಿ ಸವಾಲು ಕೂಗುವವರಿಲ್ಲದಿದ್ದರೆ ತಾಲೂಕಿನ ಕಂದಾಯ ಅಧಿಕಾರಿ ಮಾಮಲೇದಾರರ ಕೈಯಲ್ಲಿ ಉಳಿಯುವುದು ಕಾಗದ ಮತ್ತು ಪಾಳು ಗದ್ದೆ. ಒಬ್ಬ ಕೂಗಿದನೋ, ಊರಿನ ಒಗ್ಗಟ್ಟು ಅಲ್ಲೇ ಒಡೆಯಿತು. 1931ರ ಮಾರ್ಚಿನ ಗಾಂಧಿ–ಇರ್ವಿನ್ ಒಪ್ಪಂದ ಓದಿದರೆ ಇದು ತಿಳಿಯುತ್ತದೆ. ಉಪ್ಪು ಸಿಗುವ ಕಡೆಯ ಹಳ್ಳಿಗಳಿಗೆ ಮನೆಬಳಕೆಗೆ ಉಪ್ಪು ಮಾಡಿಕೊಳ್ಳಲು ಬಿಟ್ಟರು. ಸರಕಾರದ ವಶದಲ್ಲೇ ಇದ್ದ ಜಮೀನು ಮರಳಿಸಲೂ ಒಪ್ಪಿದರು. ಮೂರನೆಯವರಿಗೆ ಮಾರಿ ಹೋದದ್ದು ಮಾತ್ರ ಮಾರಿದ್ದೇ, ವಾಪಸಿಲ್ಲ. ಆ ಒಂದು ಸಾಲು ರೈತರಿಗೆ ಕಹಿಯಾಯಿತು.

1932ರಲ್ಲಿ ಮತ್ತೆ ಕರನಿರಾಕರಣೆ ಶುರುವಾದಾಗ ಸಿದ್ದಾಪುರದ ಹೆಂಗಸರು ಕೈಹಾಕಿದ್ದು ಸರಿಯಾಗಿ ಈ ಗಂಟಿಗೇ. ಜಪ್ತಿಯ ಸೊತ್ತು ಕೊಂಡವರ ಮನೆಯೆದುರು ಉಪವಾಸ ಕೂತರು. ಪೊಲೀಸರನ್ನು ಎದುರಿಸುವುದಕ್ಕಿಂತ ಇದು ಬಿಗಿ, ಕಾರಣ ಬಾಗಿಲು ನೆರೆಯವರದ್ದೇ, ಮುಖ ನೋಡದೆ ಇರಲಾಗದು. ಮಾವಿನಗುಂಡಿಯಲ್ಲಿ ಅವರ ಸ್ಮಾರಕವಿದೆ, ಜೋಗಕ್ಕೆ ಹೋಗುವವರು ನಿಲ್ಲಿಸದೆ ದಾಟುತ್ತಾರೆ.

ಜಮೀನಿನ ಪ್ರಶ್ನೆ ಬಗೆಹರಿಯಲು ಸರಕಾರವೇ ಬದಲಾಗಬೇಕಾಯಿತು. 1937ರಲ್ಲಿ ಮುಂಬಯಿಯಲ್ಲಿ ಬಿ. ಜಿ. ಖೇರರ ಮಂತ್ರಿಮಂಡಲ ಬಂದು, 1938ರಲ್ಲಿ ಮುಟ್ಟುಗೋಲಾದ ಜಮೀನು ಮರಳಿಸುವ ಕಾನೂನು ಆಯಿತು. ಊರಿನ ಹಳೇ ಮ್ಯುಟೇಶನ್ ವಹಿ (ಜಮೀನು ಯಾರ ಹೆಸರಿಗೆ ಬದಲಾಯಿತೆಂದು ಬರೆದಿಡುವ ಪುಸ್ತಕ) ಕೈಗೆ ಸಿಕ್ಕರೆ 1932ರಿಂದ 1939ರವರೆಗಿನ ಪುಟ ತೆಗೆದು, ಒಂದೇ ಸರ್ವೆ ನಂಬರಿಗೆ ಹೆಸರು ಎಷ್ಟು ಸಲ ಬದಲಾಗಿದೆ ನೋಡಿ.